ಫೋನಿನ ಕ್ಯಾಮೆರಾ ಗ್ಲಾಸ್ ಒಡೆದರೆ ನಾನು ಮಾಡುವುದು ಹೀಗೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇತ್ತು. ಹೊಲಿಗೆ ಮೆಷಿನ್ನಿನ ಹಲಗೆ ಮೇಲೆ ಇಟ್ಟಿದ್ದ ಫೋನು, ಮೋಟಾರು ಅದುರಿದಂತೆಲ್ಲ ಮೆಲ್ಲಗೆ ಜರುಗುತ್ತಾ ಬಂದು ಕೆಳಗೆ ಬಿತ್ತು. ಬರೀ ನೆಲಕ್ಕೆ ಬಿದ್ದಿದ್ದರೆ ಉಳಿಯುತ್ತಿತ್ತೇನೋ. ಕೆಳಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅದರ ಹಿಡಿಗೆ ಸರಿಯಾಗಿ ಕ್ಯಾಮೆರಾ ತಾಗಿತು. ಎತ್ತಿ ನೋಡಿದರೆ ಹಿಂದಿನ ಮೂರು ಗ್ಲಾಸುಗಳಲ್ಲಿ ನಡುವಿನದು ಜೇಡರ ಬಲೆ ಆಗಿತ್ತು.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಆರಿ ಕೆಲಸ, ಅಂದರೆ ಕೊಕ್ಕೆ ಸೂಜಿಯ ಕಸೂತಿ ಮಾಡುತ್ತೇನೆ. ನನಗೆ ಅಂಗಡಿ ಇಲ್ಲ, ಬೋರ್ಡ್ ಇಲ್ಲ. ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಫೋಟೋಗಳೇ ನನ್ನ ಅಂಗಡಿ. ಮರೂನ್ ಬಣ್ಣ ಮರೂನ್ ಆಗಿಯೇ ಕಾಣಬೇಕು, ಜರಿ ಜರಿಯಾಗಿಯೇ ಹೊಳೆಯಬೇಕು. ಕ್ಯಾಮೆರಾ ಮಂಕಾದರೆ ಗಿರಾಕಿ "ಅಕ್ಕಾ, ನಾನು ಕೊಟ್ಟ ಬಟ್ಟೆ ಈ ಬಣ್ಣ ಅಲ್ಲವಲ್ಲ" ಅನ್ನುತ್ತಾರೆ. ಹಾಗೆ ಅನ್ನಿಸಿಕೊಂಡಿದ್ದೇನೆ ಕೂಡ.

ಅದು ನಾಲ್ಕು ವರ್ಷದ ಹಿಂದಿನ ಮಾತು, ಹಳೆಯ ಫೋನು. ಆಗ ಗ್ಲಾಸಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿತ್ತು. ಫೋಟೋ ಚೆನ್ನಾಗಿಯೇ ಬರುತ್ತಿದೆಯಲ್ಲ ಎಂದು ಸುಮ್ಮನೆ ಬಿಟ್ಟೆ. ಎರಡು ತಿಂಗಳಲ್ಲಿ ಬಿರುಕಿನಿಂದ ಒಂದು ಚಕ್ಕೆ ಬಿದ್ದುಹೋಯಿತು. ಬಟ್ಟೆಯ ಜುಂಗು, ಧೂಳು, ಅಡುಗೆಮನೆಯ ಹಬೆ ಎಲ್ಲ ಒಳಗೆ ಹೋಯಿತು. ಕೊನೆಗೆ ಗ್ಲಾಸಲ್ಲ, ಕ್ಯಾಮೆರಾನೇ ಬದಲಾಯಿಸಬೇಕಾಯಿತು. 2,600 ರೂಪಾಯಿ. ಗ್ಲಾಸ್ ಬರೀ 100 ರೂಪಾಯಿಗೆ ಸಿಗುತ್ತಿತ್ತು. ಅದಕ್ಕೇ ಈ ಸಲ ಬಿದ್ದ ದಿನವೇ ಕೆಲಸಕ್ಕೆ ಇಳಿದೆ. ಏನೇನು ಮಾಡಿದೆ, ಯಾಕೆ ಮಾಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮ ಕಣ್ಣಿಗೆ ಕಾಣುವ ಮೇಲಿನ ಗ್ಲಾಸು ಕ್ಯಾಮೆರಾ ಅಲ್ಲ. ಅದು ಬಾಗಿಲು ಮಾತ್ರ. ನಿಜವಾದ ಲೆನ್ಸು ಅದರ ಕೆಳಗೆ, ಕೂದಲೆಳೆಯಷ್ಟೇ ಅನ್ನಬಹುದಾದ ಜಾಗ ಬಿಟ್ಟು ಕೂತಿರುತ್ತದೆ. ಆ ಲೆನ್ಸು ಹೆಚ್ಚಿನ ಫೋನುಗಳಲ್ಲಿ ಪ್ಲಾಸ್ಟಿಕ್ಕಿನದು. ಫೋಕಸ್ ಮಾಡುವಾಗ ಅದು ಹಿಂದೆ ಮುಂದೆ ಚಲಿಸುತ್ತದೆ. ಮೇಲಿನ ಗ್ಲಾಸಿನ ಚೂರು ಅದರ ಮೇಲೆ ಬಿದ್ದರೆ ಏನಾಗುತ್ತದೆ ಯೋಚಿಸಿ. ಲೆನ್ಸು ಅಲುಗಿದಾಗೆಲ್ಲ ಚೂರೂ ಅಲುಗುತ್ತದೆ, ಗೀಚುತ್ತದೆ, ಕೆಲವೊಮ್ಮೆ ಸಿಕ್ಕಿಕೊಂಡು ಫೋಕಸ್ಸೇ ಆಗುವುದಿಲ್ಲ. 100 ರೂಪಾಯಿಯ ರಿಪೇರಿ ಸಾವಿರಕ್ಕೆ ಏರುವುದು ಹೀಗೇ.

ಬಿದ್ದ ಕೂಡಲೇ

ಒಡೆದ ಜಾಗವನ್ನು ಬೆರಳಲ್ಲಿ ಸವರಬೇಡಿ. ಸೆರಗಲ್ಲಿ ಒರೆಸಬೇಡಿ. ಬಾಯಿಂದ ಊದಬೇಡಿ. ಊದಿದರೆ ಉಗುಳಿನ ಹನಿ ಒಳಗೆ ಹೋಗುತ್ತದೆ, ಚೂರು ಹಾರಿ ನಿಮ್ಮ ಕಣ್ಣಿಗೂ ಬರಬಹುದು. ಕ್ಯಾಮೆರಾ ಆ್ಯಪ್ ತೆರೆದು ಪದೇ ಪದೇ ನೋಡುವುದೂ ಬೇಡ, ಲೆನ್ಸು ಅಲುಗುತ್ತದೆ ಎಂದೆನಲ್ಲ.

ಫೋನನ್ನು ಕ್ಯಾಮೆರಾ ಕೆಳಗಾಗುವಂತೆ ಹಿಡಿದುಕೊಂಡು, ಬೆರಳಿನಿಂದ ಫೋನಿನ ಬೆನ್ನನ್ನು ಎರಡು ಸಲ ಮೆಲ್ಲಗೆ ತಟ್ಟಿ. ಸಡಿಲ ಆದ ಪುಡಿ ಒಳಗೆ ಇಳಿಯದೆ ಹೊರಗೆ ಬೀಳುತ್ತದೆ. ಕೆಳಗೆ ಒಂದು ಬಿಳಿ ಹಾಳೆ ಇರಲಿ. ಆಮೇಲೆ ಒಂದು ತುಂಡು ಪಾರದರ್ಶಕ ಟೇಪನ್ನು ಗ್ಲಾಸಿನ ಮೇಲೆ ಅಂಟಿಸಿ. ನಡುವೆ ಒತ್ತಬೇಡಿ, ಅಂಚಿನಲ್ಲಿ ಮಾತ್ರ ಅಂಟಿದರೆ ಸಾಕು. ಇದು ಫೋಟೋ ತೆಗೆಯಲಿಕ್ಕಲ್ಲ, ಚೂರುಗಳು ಇದ್ದಲ್ಲೇ ಇರಲಿ, ಧೂಳು ಹೋಗದಿರಲಿ ಎಂದು. ರಿಪೇರಿ ಆಗುವವರೆಗೂ ಟೇಪ್ ತೆಗೆಯಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಫೋನು ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ. ಈ ಚೂರುಗಳು ಸಕ್ಕರೆ ಪುಡಿಯಷ್ಟು ಸಣ್ಣ, ಬೆರಳಿಗೆ ಚುಚ್ಚಿದರೆ ಕಾಣುವುದೂ ಇಲ್ಲ.

ಒಡೆದದ್ದು ಯಾವುದು?

ಇದನ್ನು ಪತ್ತೆ ಮಾಡದೆ ಮುಂದೆ ಹೋಗಬಾರದು. ನನ್ನ ಪಕ್ಕದ ಮನೆಯ ಹುಡುಗಿ ಒಂದು ದಿನ ಅಳುತ್ತಾ ಬಂದಳು, ಹೊಸ ಫೋನಿನ ಕ್ಯಾಮೆರಾ ಒಡೆದಿದೆ ಎಂದು. ನೋಡಿದರೆ ಒಡೆದದ್ದು ಮೇಲೆ ಅಂಟಿಸಿದ್ದ ಲೆನ್ಸ್ ಪ್ರೊಟೆಕ್ಟರ್. ಫೋನು ಕೊಂಡ ದಿನ ಅಂಗಡಿಯವರು ಹಾಕಿಕೊಟ್ಟಿದ್ದರು, ಅವಳಿಗೆ ಮರೆತೇ ಹೋಗಿತ್ತು. ಅಂಥದ್ದನ್ನು ಬಿಡಿಸುವುದು ಸುಲಭ. ಹೇರ್ ಡ್ರೈಯರಿನಿಂದ ಅರ್ಧ ನಿಮಿಷ ಬಿಸಿ ಮಾಡಿ, ಮಣಿ ಪೋಣಿಸುವ ನೈಲಾನ್ ದಾರವನ್ನು ಪ್ರೊಟೆಕ್ಟರಿನ ಅಡಿಗೆ ಸೇರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಹಿಂದೆ ಮುಂದೆ ಎಳೆದೆ. ಬಿಟ್ಟುಕೊಂಡು ಬಂತು. ಕೆಳಗಿನ ಗ್ಲಾಸಿಗೆ ಒಂದು ಗೀರೂ ಇರಲಿಲ್ಲ. ಹಾಗಾಗಿ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಅಂಚು ನೋಡಿ. ಅಂಚಿನಲ್ಲಿ ಎರಡು ಪದರ ಕಂಡರೆ ಮೇಲಿನದು ಪ್ರೊಟೆಕ್ಟರ್.

ಮುಂದಿನದು, ಯಾವ ಕ್ಯಾಮೆರಾದ ಗ್ಲಾಸು ಎಂದು. ಕ್ಯಾಮೆರಾ ಆ್ಯಪ್ ಒಂದು ಸಲ ತೆರೆದು, ಜೂಮ್ ಅಂಕಿಯನ್ನು 1ಎಕ್ಸ್‌ನಲ್ಲಿ ಇಟ್ಟು, ಹಿಂದಿನ ಕಣ್ಣುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ. ಒಡೆದ ಗ್ಲಾಸಿನ ಮುಂದೆ ಮಾತ್ರ ಬೆರಳನ್ನು ತಾಗಿಸದೆ ಅಡ್ಡ ಹಿಡಿಯಿರಿ. ಯಾವುದನ್ನು ಮುಚ್ಚಿದಾಗ ತೆರೆ ಕಪ್ಪಾಗುತ್ತದೋ ಅದು ಮುಖ್ಯ ಕ್ಯಾಮೆರಾ. 0.5ಎಕ್ಸ್‌ಗೆ ಬದಲಿಸಿ ಮತ್ತೆ ಹಾಗೇ ಮಾಡಿ, ಅಗಲದ ಕ್ಯಾಮೆರಾ ಗೊತ್ತಾಗುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಕ್ಯಾಮೆರಾ ಇರುವವರು ಇದನ್ನು ಹಗಲಿನ ಬೆಳಕಿನಲ್ಲೇ ಮಾಡಬೇಕು. ಬೆಳಕು ಕಡಿಮೆ ಇದ್ದರೆ 3ಎಕ್ಸ್ ಒತ್ತಿದರೂ ಎಷ್ಟೋ ಫೋನುಗಳು ಸದ್ದಿಲ್ಲದೆ ಮುಖ್ಯ ಕ್ಯಾಮೆರಾದಿಂದಲೇ ತೆಗೆದು ಹಿಗ್ಗಿಸಿ ಕೊಡುತ್ತವೆ. ಆಗ ಲೆಕ್ಕ ತಪ್ಪುತ್ತದೆ.

ಕೊನೆಯದಾಗಿ, ಒಳಗಿನ ಕ್ಯಾಮೆರಾಗೂ ಪೆಟ್ಟು ಬಿದ್ದಿದೆಯಾ ಎಂದು. ಮೂರು ಫೋಟೋ ಸಾಕು. ಹತ್ತಿರ ಹಿಡಿದ ಒಂದು ಗುಂಡಿ, ಕಿಟಕಿಯಾಚೆಯ ಒಂದು ಮರ, ರಾತ್ರಿ ಬೀದಿದೀಪ. ಗುಂಡಿ ಮತ್ತು ಮರ ಎರಡೂ ಚುರುಕಾಗಿ ಬಂದು, ಬೀದಿದೀಪದ ಸುತ್ತ ಮಾತ್ರ ಗೆರೆಗೆರೆಯಾಗಿ ಬೆಳಕು ಚೆಲ್ಲಿದ್ದರೆ ಕೆಟ್ಟದ್ದು ಗ್ಲಾಸು ಮಾತ್ರ. ಫೋಕಸ್ ಕೂರದೆ ಹಿಂದೆ ಮುಂದೆ ಓಡುತ್ತಿದ್ದರೆ, ತೆರೆಯ ಮೇಲಿನ ಚಿತ್ರ ನಡುಗುತ್ತಿದ್ದರೆ, ಟರ್ ಎಂಬ ಸದ್ದು ಬರುತ್ತಿದ್ದರೆ ಒಳಗಿನದೂ ಹೋಗಿದೆ. ಆಗ ಗ್ಲಾಸ್ ಹಾಕಿ ಪ್ರಯೋಜನ ಇಲ್ಲ, ನೇರ ರಿಪೇರಿಯವರ ಹತ್ತಿರ ಹೋಗಿ. ಒಂದು ಮಾತು: ಫೋನ್ ಅಲುಗಿಸಿದಾಗ ಸಣ್ಣಗೆ ಕಟಕಟ ಅಂದರೆ ಗಾಬರಿ ಬೇಡ. ಕೈ ನಡುಕ ತಡೆಯುವ ಲೆನ್ಸು ಇರುವ ಫೋನುಗಳಲ್ಲಿ ಲೆನ್ಸು ತೇಲಿಕೊಂಡೇ ಇರುತ್ತದೆ, ಬೀಳುವ ಮೊದಲೂ ಆ ಸದ್ದು ಇತ್ತು. ನೀವು ಕೇಳಿಸಿಕೊಂಡಿರಲಿಲ್ಲ ಅಷ್ಟೇ.

ಬರೀ ಗೀರು ಬಿದ್ದಿದ್ದರೆ

ಒಡೆದಿಲ್ಲ, ಗೀರು ಮಾತ್ರ ಇದೆ ಅಂದರೆ ಅವಸರ ಇಲ್ಲ. ಉಗುರನ್ನು ಗೀರಿನ ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಫೋಟೋದಲ್ಲಿ ಅದು ಹೆಚ್ಚಾಗಿ ಕಾಣುವುದೇ ಇಲ್ಲ. ಲೆನ್ಸಿಗೆ ಅಷ್ಟು ಹತ್ತಿರ ಇರುವ ಗೆರೆ ಫೋಕಸ್ಸಿಗೆ ಸಿಗುವುದಿಲ್ಲ. ದೀಪಕ್ಕೆ ಎದುರಾಗಿ ತೆಗೆದಾಗ ಸ್ವಲ್ಪ ಮಂಜು ಬರಬಹುದು. ಸಿಕ್ಕಿಕೊಂಡರೆ ಗ್ಲಾಸ್ ಬದಲಾಯಿಸುವುದೇ ದಾರಿ.

ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಡುಗೆ ಸೋಡಾನೂ ಬೇಡ. ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ಅದು ಗೀರನ್ನು ಅಳಿಸುವುದಿಲ್ಲ. ಗ್ಲಾಸಿನ ಮೇಲೆ ಬೆಳಕು ಪ್ರತಿಫಲಿಸದಂತೆ ಕೊಟ್ಟಿರುವ ತೆಳು ಲೇಪವನ್ನು ಎಬ್ಬಿಸಿಬಿಡುತ್ತದೆ. ಆಮೇಲೆ ಇಡೀ ಗ್ಲಾಸೇ ಮಸುಕು. ನನ್ನ ನಾದಿನಿಯ ಫೋನಿಗೆ ಹೀಗೇ ಆಯಿತು, ಒಂದು ಗೀರಿಗೆ ಹೋಗಿ ಇಡೀ ಗ್ಲಾಸ್ ಹಾಲು ಬಳಿದಂತಾಯಿತು.

ಗೀರು ಬೀಳುವುದು ಕೀಲಿಕೈಯಿಂದ ಅಂದುಕೊಳ್ಳುತ್ತೇವೆ. ಜಾಸ್ತಿ ಸಲ ಕಾರಣ ಮರಳು. ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಸಾದಾ ಗಾಜು 5.5ರ ಆಸುಪಾಸು, ಮರಳಿನಲ್ಲಿರುವ ಬೆಣಚುಕಲ್ಲು 7. ಗಡಸು ಇರುವುದು ಮೆತ್ತಗಿರುವುದನ್ನು ಗೀಚುತ್ತದೆ, ಅಷ್ಟೇ ಲೆಕ್ಕ. ಐಫೋನಿನವರು 2012ರ ಐಫೋನ್ 5ರಿಂದ ಕ್ಯಾಮೆರಾದ ಮೇಲೆ ನೀಲಮಣಿಯ ಜಾತಿಯ ಸಫೈರ್ ಹಾಕುತ್ತಿರುವುದೂ ಇದಕ್ಕೇ. ಅಳತೆಯಲ್ಲಿ ಅದು 9. ಆದರೆ ಗೀರು ಬೀಳದ್ದು ಒಡೆಯುವುದೂ ಇಲ್ಲ ಎಂದಲ್ಲ. ಕತ್ತರಿ ಮೇಲೆ ಬಿದ್ದರೆ ಅದೂ ಒಡೆಯುತ್ತದೆ. ನೀವು ಪರ್ಸಿನಲ್ಲಿ ಫೋನು ಇಡುವವರಾದರೆ ಪರ್ಸನ್ನು ಒಮ್ಮೆ ತಲೆಕೆಳಗು ಮಾಡಿ ಕೊಡವಿ ನೋಡಿ, ತಳದಿಂದ ಏನು ಬೀಳುತ್ತದೆ ಎಂದು.

ಮನೆಯಲ್ಲೋ, ಅಂಗಡಿಯಲ್ಲೋ

ಎಲ್ಲರೂ ಮನೆಯಲ್ಲೇ ಮಾಡಿ ಎಂದು ನಾನು ಹೇಳುವುದಿಲ್ಲ. ಪ್ರತಿ ಕ್ಯಾಮೆರಾಗೂ ಬೇರೆ ಬೇರೆ ಗುಂಡಗಿನ ಗ್ಲಾಸು ಇರುವ ಫೋನು, ಅಥವಾ ಮೇಲಿನಿಂದಲೇ ಅಂಟಿಸಿದ ಒಂದು ಸಣ್ಣ ಪಟ್ಟಿಯಂಥ ಗ್ಲಾಸು ಇರುವ ಫೋನು ಆದರೆ ಸೂಜಿ ಹಿಡಿದು ಅಭ್ಯಾಸ ಇರುವ ಯಾರಾದರೂ ಮಾಡಬಹುದು. ವಾರಂಟಿ ಇನ್ನೂ ಇದ್ದರೆ ಕೈ ಹಾಕುವ ಮೊದಲು ಯೋಚಿಸಿ. ಬಿದ್ದು ಒಡೆದದ್ದಕ್ಕೆ ವಾರಂಟಿ ಬರುವುದಿಲ್ಲ ನಿಜ, ಆದರೆ ನೀವೇ ಕೆದಕಿದ್ದೀರಿ ಎಂದರೆ ಮುಂದೆ ಬೇರೆ ತೊಂದರೆಗೂ ತಕರಾರು ತೆಗೆಯುತ್ತಾರೆ. ಫೋನ್ ಕೊಳ್ಳುವಾಗ ಇನ್ಶೂರೆನ್ಸ್ ಮಾಡಿಸಿದ್ದಿರಾ ನೆನಪಿಸಿಕೊಳ್ಳಿ. ಐಫೋನುಗಳಲ್ಲಿ ಗ್ಲಾಸಿನ ಸುತ್ತ ಲೋಹದ ಬಳೆ ಬಿಗಿಯಾಗಿ ಕೂತಿರುತ್ತದೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ದುಬಾರಿ ಫೋನಿಗೂ ಅಷ್ಟೇ.

ನನ್ನದು ಸಾಧಾರಣ ಬೆಲೆಯ ಫೋನು, ವಾರಂಟಿ ಮುಗಿದು ವರ್ಷವಾಗಿತ್ತು, ಮೂರೂ ಗ್ಲಾಸು ಬೇರೆ ಬೇರೆ. ಹಾಗಾಗಿ ನಾನೇ ಮಾಡಿದೆ.

ಗ್ಲಾಸ್ ಕೊಳ್ಳುವಾಗ ಫೋನಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನಲ್ಲಿ 4ಜಿ, 5ಜಿ ಎಂದು ಎರಡು ಫೋನು ಇರುತ್ತವೆ, ಗ್ಲಾಸಿನ ಅಳತೆ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದರೆ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಬರೆದುಕೊಂಡು ಹೋಗಿ. ಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ "ಕ್ಯಾಮೆರಾ ಗ್ಲಾಸ್" ಎಂದರೆ ಕೊಡುತ್ತಾರೆ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ. ನಮ್ಮೂರಲ್ಲಿ ಮೊದಲ ಅಂಗಡಿಯಲ್ಲಿ ಸಿಗಲಿಲ್ಲ, ಎರಡನೆಯದರಲ್ಲಿ ಮೂರು ಗ್ಲಾಸಿನ ಸೆಟ್ 180 ರೂಪಾಯಿಗೆ ಸಿಕ್ಕಿತು. ಎರಡು ಸೆಟ್ ತಂದೆ. ಒಂದು ಕೈತಪ್ಪಿ ಹಾಳಾದರೆ ಇನ್ನೊಂದು ಬೇಕು.

ತೆಗೆದುಕೊಳ್ಳುವಾಗ ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ. ಹಸಿರೋ ಹಳದಿಯೋ ಛಾಯೆ ಇದ್ದರೆ ಬೇಡ. ಅಂಚಿನ ಸುತ್ತ ಕಪ್ಪು ಬಳೆ ಅಚ್ಚಾಗಿ ಮುದ್ರಣ ಆಗಿರಬೇಕು. ಆ ಕಪ್ಪು ಚೆಂದಕ್ಕಲ್ಲ, ಪಕ್ಕದ ಫ್ಲ್ಯಾಶ್ ಬೆಳಕು ಗ್ಲಾಸಿನೊಳಗಿಂದ ಹರಿದು ಲೆನ್ಸಿಗೆ ಬರದಂತೆ ತಡೆಯುವುದಕ್ಕೆ. ಹಿಂಭಾಗದಲ್ಲಿ ಅಂಟಿನ ಪಟ್ಟಿ ಮೊದಲೇ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಗ್ಲಾಸ್ ಬಿಡಿಸುವುದು

ನಾನು ಬಳಸಿದ್ದು ಇಷ್ಟು: ಹೇರ್ ಡ್ರೈಯರ್, ಚೂಪು ಮೂತಿಯ ಚಿಮುಟ, ಆರಿ ಸೂಜಿ, ಮಾಸ್ಕಿಂಗ್ ಟೇಪ್, ಹಲ್ಲುಕಡ್ಡಿ, ಹಳೆ ಅಂಟು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ರಬ್ಬರಿನ ಗಾಳಿ ಬಲ್ಬ್, ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ. ಗಾಳಿ ಬಲ್ಬ್ ಇಲ್ಲದೆ ಶುರು ಮಾಡಬೇಡಿ. ಕ್ಯಾಮೆರಾ ಅಂಗಡಿಯಲ್ಲಿ ಬ್ಲೋವರ್ ಎಂದು ಕೇಳಿದರೆ ಸಿಗುತ್ತದೆ.

ಜಾಗ ಮುಖ್ಯ. ನನ್ನ ಹೊಲಿಗೆ ಕೋಣೆಯಲ್ಲಿ ಗಾಳಿಯಲ್ಲೇ ಜುಂಗು ತೇಲುತ್ತಿರುತ್ತದೆ. ಅಲ್ಲಿ ಮಾಡುವ ಹಾಗಿರಲಿಲ್ಲ. ಬೆಳಗ್ಗೆ ಐದೂವರೆಗೆ ಊಟದ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂತೆ. ಹತ್ತಿಯ ದುಪಟ್ಟಾ ತೆಗೆದಿಟ್ಟೆ, ಅದರ ಎಳೆ ಸಾಕು ಫೋಟೋ ಕೆಡಿಸಲು. ಕನ್ನಡಕ ಹಾಕಿಕೊಂಡೆ. ನಿಮಗೆ ಕನ್ನಡಕ ಇಲ್ಲದಿದ್ದರೂ ಯಾವುದಾದರೂ ಒಂದನ್ನು ಹಾಕಿಕೊಳ್ಳಿ, ಗಾಜಿನ ಕೆಲಸ ಇದು. ಹಿಂದಿನ ರಾತ್ರಿಯೇ ಫೋಟೋಗಳನ್ನೆಲ್ಲ ಬೇರೆ ಕಡೆ ಉಳಿಸಿ ಫೋನ್ ಆಫ್ ಮಾಡಿದ್ದೆ.

ಒಡೆದ ಗ್ಲಾಸಿನ ಸುತ್ತ ಫೋನಿನ ಬೆನ್ನಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಚಿಮುಟ ಜಾರಿದರೂ ಪೆಟ್ಟು ಟೇಪಿಗೆ ಬೀಳುತ್ತದೆ. ಒಡೆದ ಗ್ಲಾಸಿನ ಮೇಲೆ ಹಾಕಿದ್ದ ಪಾರದರ್ಶಕ ಟೇಪ್ ಹಾಗೇ ಇರಲಿ, ಚೂರುಗಳು ಅದಕ್ಕೆ ಕಚ್ಚಿಕೊಂಡು ಒಟ್ಟಿಗೆ ಬರುತ್ತವೆ.

ಆಮೇಲೆ ಬಿಸಿ. ಡ್ರೈಯರನ್ನು ಒಂದು ಗೇಣಿನ ಅರ್ಧದಷ್ಟು ದೂರ ಹಿಡಿದು, ಮಧ್ಯಮ ಬಿಸಿಯಲ್ಲಿ, ಒಂದೇ ಕಡೆ ನಿಲ್ಲಿಸದೆ ಒಂದೂವರೆ ಎರಡು ನಿಮಿಷ ಆಡಿಸಿ. ಬೆರಳು ಇಟ್ಟರೆ ಬಿಸಿ ಅನ್ನಿಸಬೇಕು, ಆದರೆ ಮೂರು ಎಣಿಸುವಷ್ಟು ಹೊತ್ತು ಇಡಲು ಆಗಬೇಕು. ಅದಕ್ಕಿಂತ ಜಾಸ್ತಿ ಬೇಡ. ಒಳಗಿನ ಲೆನ್ಸು ಪ್ಲಾಸ್ಟಿಕ್, ಹತ್ತಿರದಲ್ಲೇ ಬ್ಯಾಟರಿ. ಅಂಗಡಿಯವರ ಹೀಟ್ ಗನ್ ಮನೆಯಲ್ಲಿ ಬಳಸಬೇಡಿ. ಅಂಟು ಬಿಡದಿದ್ದರೆ ಮತ್ತೆ ಬಿಸಿ ಮಾಡಿ. ನಾನು ನಾಲ್ಕು ಸಲ ಮಾಡಬೇಕಾಯಿತು.

ಈಗ ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ. ಗ್ಲಾಸು ಕೂತಿರುವುದು ಅಂಚಿನಲ್ಲಿರುವ ಒಂದು ಸಣ್ಣ ಮೆಟ್ಟಿಲಿನ ಮೇಲೆ. ಅಂಟು ಇರುವುದು ಅಲ್ಲಿ ಮಾತ್ರ. ನಡುವೆ ಕೆಳಗೆ ಲೆನ್ಸು. ಹಾಗಾಗಿ ಏನೇ ಮಾಡಿದರೂ ಅಂಚಿನಲ್ಲಿ ಮಾಡಿ, ನಡುವಿಗೆ ಹೋಗಬೇಡಿ, ಕೆಳಕ್ಕೆ ಒತ್ತಬೇಡಿ. ಎಷ್ಟೋ ಜನ ನಡುವೆ ಚುಚ್ಚಿ ಒಡೆದು ತೆಗೆಯಲು ಹೋಗುತ್ತಾರೆ, ಸೂಜಿ ನೇರ ಲೆನ್ಸಿಗೆ ಇಳಿಯುತ್ತದೆ.

ಇಲ್ಲಿ ನನಗೆ ಆರಿ ಸೂಜಿ ಕೈ ಹಿಡಿಯಿತು. ಅದರ ತುದಿಯಲ್ಲಿ ಕೊಕ್ಕೆ ಇರುತ್ತದಲ್ಲ, ಬಟ್ಟೆಯ ಕೆಳಗಿಂದ ದಾರವನ್ನು ಮೇಲಕ್ಕೆ ಎಳೆಯುವ ಸೂಜಿ ಅದು. ಅಂಚಿನಲ್ಲಿ ಚಕ್ಕೆ ಎದ್ದ ಕಡೆ ಸೂಜಿಯನ್ನು ಮಲಗಿಸಿ ಕೊಕ್ಕೆ ಸಿಕ್ಕಿಸಿ ಮೇಲಕ್ಕೆ ಎತ್ತಿದೆ. ಸಾದಾ ಸೂಜಿಯಲ್ಲಿ ಕೆಳಕ್ಕೆ ಮೀಟಬೇಕಾಗುತ್ತದೆ, ಇದರಲ್ಲಿ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಮೊದಲ ದೊಡ್ಡ ಚೂರು ಟೇಪಿನ ಜೊತೆ ಬಂತು. ಆಮೇಲೆ ಒಂದೊಂದೇ. ಆರಿ ಸೂಜಿ ಇಲ್ಲದವರು ಚಿಮುಟದ ಒಂದು ಮೂತಿಯನ್ನು ಅಂಚಿಗೆ ಸಿಕ್ಕಿಸಿ ಹೊರಮುಖವಾಗಿ ಎತ್ತಬಹುದು.

ಕೊನೆಯ ಚೂರುಗಳನ್ನು ತೆಗೆಯುವಾಗ ಫೋನು ಮಲಗಿರಬಾರದು. ಮಗಳನ್ನು ಎಬ್ಬಿಸಿ, ಫೋನನ್ನು ನಿಲ್ಲಿಸಿ ಕ್ಯಾಮೆರಾ ಸ್ವಲ್ಪ ಕೆಳಮುಖ ಆಗುವಂತೆ ಹಿಡಿಸಿದೆ. ನಾನು ಕೆಳಗಿನಿಂದ ನೋಡುತ್ತಾ ತೆಗೆದೆ. ಕೈ ತಪ್ಪಿದ ಚೂರು ಮೇಜಿಗೆ ಬೀಳುತ್ತದೆ, ಲೆನ್ಸಿನ ಮೇಲಲ್ಲ. ಇದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅವಸರ ಮಾಡುವ ಜಾಗ ಅಲ್ಲ. ತೆಗೆದ ಚೂರುಗಳನ್ನು ಟೇಪಿನಲ್ಲೇ ಮಡಚಿ, ಕಾಗದದಲ್ಲಿ ಸುತ್ತಿ, ಮೇಲೆ "ಗಾಜು" ಎಂದು ಬರೆದು ಕಸಕ್ಕೆ ಕೊಡಿ. ಕಸ ಎತ್ತುವವರ ಕೈಗೆ ಚುಚ್ಚಬಾರದು.

ಲೆನ್ಸು ಬರಿಮೈಯಲ್ಲಿದ್ದಾಗ

ಅಂಚಿನ ಮೆಟ್ಟಿಲಿನಲ್ಲಿ ಹಳೆ ಅಂಟು ಉಳಿದಿರುತ್ತದೆ. ಅದು ಪೂರ್ತಿ ಹೋಗದಿದ್ದರೆ ಹೊಸ ಗ್ಲಾಸು ಸಮವಾಗಿ ಕೂರುವುದಿಲ್ಲ. ಹಲ್ಲುಕಡ್ಡಿಯ ತುದಿಯನ್ನು ಆಲ್ಕೋಹಾಲಿಗೆ ತಾಗಿಸಿ, ಹನಿ ಬೀಳದಷ್ಟು ಮಾತ್ರ ಒದ್ದೆ ಮಾಡಿ, ಅಂಚನ್ನು ಉಜ್ಜುತ್ತಾ ಬನ್ನಿ. ಆಲ್ಕೋಹಾಲನ್ನು ಸುರಿಯಬೇಡಿ, ಒಳಗೆ ಇಳಿದರೆ ಲೆನ್ಸಿನ ಪದರಗಳ ನಡುವೆ ಕಲೆ ಕೂರುತ್ತದೆ.

ಫೋನನ್ನು ಕೆಳಮುಖ ಹಿಡಿದು ಗಾಳಿ ಬಲ್ಬ್ ಏಳೆಂಟು ಸಲ ಒತ್ತಿ. ಲೆನ್ಸನ್ನು ಮುಟ್ಟುವ ಆಸೆ ಆಗುತ್ತದೆ, ಮುಟ್ಟಬೇಡಿ. ಗಾಳಿಗೂ ಹೋಗದ ಕಲೆ ಇದ್ದರೆ ಮಾತ್ರ ಮೈಕ್ರೋಫೈಬರಿನ ಮೂಲೆಯನ್ನು ಚೂಪಾಗಿ ಸುತ್ತಿ, ಒಂದೇ ಒಂದು ಸಲ, ಭಾರ ಬಿಡದೆ ಸವರಿ. ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಎಳೆ ಬಿಡುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು. ಹೊಸ ಗ್ಲಾಸು ಅಂಟಿಸುವ ಮೊದಲು ಫೋನ್ ಆನ್ ಮಾಡಿ, ಗ್ಲಾಸ್ ಇಲ್ಲದೆಯೇ ಫೋಟೋ ತೆಗೆಯಿರಿ. ಅದೇ ಗುಂಡಿ, ಅದೇ ಮರ, ಒಂದು ಟ್ಯೂಬ್‌ಲೈಟ್. ಫೋಟೋ ಸ್ಫಟಿಕದಂತೆ ಬಂದರೆ ಒಳಗಿನದು ಚೆನ್ನಾಗಿದೆ, ಮುಂದುವರಿಯಿರಿ. ಬರದಿದ್ದರೆ ಅಲ್ಲೇ ನಿಲ್ಲಿಸಿ, ಮೇಲೆ ಸ್ವಚ್ಛ ಟೇಪ್ ಹಾಕಿ, ಅಂಗಡಿಗೆ ಹೋಗಿ. ಅಂಟಿಸಿದ ಮೇಲೆ ಫೋಟೋ ಮಸುಕಾಗಿ ಬಂದರೆ ತಪ್ಪು ಗ್ಲಾಸಿನದೋ, ಲೆನ್ಸಿನದೋ, ನಡುವಿನ ಧೂಳಿನದೋ ಎಂದು ಹೇಳಲು ಯಾರಿಗೂ ಆಗುವುದಿಲ್ಲ. ನನ್ನ ಮೊದಲ ಫೋಟೋದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಮಂಜಿನ ಮಚ್ಚೆ ಬಂತು. ಟಾರ್ಚ್ ಹಿಡಿದು ನೋಡಿದರೆ ಲೆನ್ಸಿನ ಅಂಚಿನಲ್ಲಿ ಕೆಂಪು ದಾರದ ಒಂದು ಜುಂಗು. ಗಾಳಿ ಹೊಡೆದು ಮತ್ತೆ ತೆಗೆದೆ, ಸರಿಯಾಯಿತು. ಅಂಟಿಸಿಬಿಟ್ಟಿದ್ದರೆ ಮತ್ತೆ ಮೊದಲಿನಿಂದ ಎಲ್ಲ.

ಅಂಟಿಸುವುದು

ಹೊಸ ಗ್ಲಾಸನ್ನು ಮೊದಲು ಅಂಟಿಲ್ಲದೆ ಕೂರಿಸಿ ನೋಡಿ. ಅಳತೆ ಸರಿ ಇದೆಯಾ, ಮೇಲೆ ಕೆಳಗೆ ಯಾವ ಕಡೆ ಎಂದು ಗೊತ್ತಾಗಲಿ. ಆಮೇಲೆ ಮೇಲ್ಭಾಗಕ್ಕೆ ಒಂದು ತುಂಡು ಟೇಪ್ ಅಂಟಿಸಿ ಅದನ್ನೇ ಹಿಡಿಯಾಗಿ ಬಳಸಿ. ಬೆರಳು ಒಳಮೈಗೆ ತಾಗಲೇಬಾರದು, ಬೆರಳಚ್ಚು ಒಳಗೆ ಸೇರಿದರೆ ಅಲ್ಲೇ ಉಳಿಯುತ್ತದೆ. ಒಳಮೈಯ ರಕ್ಷಣಾ ಹಾಳೆ ಸುಲಿದು, ಒಮ್ಮೆ ಗಾಳಿ ಹೊಡೆದು, ಲೆನ್ಸಿಗೂ ಒಮ್ಮೆ ಹೊಡೆದು, ಕೂಡಲೇ ಕೂರಿಸಿ. ಅಂಚಿನ ಸುತ್ತ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಅರ್ಧ ನಿಮಿಷ ಒತ್ತಿ.

ಅಂಟಿನ ಪಟ್ಟಿ ಇಲ್ಲದ ಗ್ಲಾಸಾದರೆ ಬಿ-7000 ಎಂಬ ಅಂಟು ತನ್ನಿ. ಆರಿ ಕೆಲಸದವರಿಗೆ ಇದು ಹೊಸದಲ್ಲ, ಕಲ್ಲು ಅಂಟಿಸಲು ನಾವು ಬಳಸುವುದೂ ಅದನ್ನೇ. ಆದರೆ ಕಲ್ಲಿಗೆ ಹಾಕುವಂತೆ ಹನಿ ಹಾಕಬೇಡಿ. ಸೂಜಿ ತುದಿಯಲ್ಲಿ ತೆಗೆದು, ಮೆಟ್ಟಿಲಿನ ಹೊರ ಅಂಚಿಗೆ ದಾರ ಎಳೆದಷ್ಟು ಸಣ್ಣಗೆ ಬಳಿಯಿರಿ. ಒತ್ತಿದಾಗ ಹೆಚ್ಚಾದ ಅಂಟು ಹೊರಗೆ ಬರಲಿ, ಒಳಗೆ ಹೋಗಬಾರದು. ಅದು ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಬೇಕು. ಆ ಹೊತ್ತು ಫೋನನ್ನು ಅಡುಗೆಮನೆಗೆ ಒಯ್ಯಬೇಡಿ, ಜೇಬಿಗೂ ಹಾಕಬೇಡಿ.

ತಕ್ಷಣ ಅಂಟುವ ಸೂಪರ್ ಗ್ಲೂ ಮಾತ್ರ ಬೇಡವೇ ಬೇಡ. ಅದು ಒಣಗುವಾಗ ಹೊರಡುವ ಆವಿ ಗ್ಲಾಸಿನ ಒಳಮೈಗೂ ಲೆನ್ಸಿಗೂ ಬಿಳಿ ಪೊರೆಯಾಗಿ ಕೂರುತ್ತದೆ.

ಕೊನೆಗೆ ಕತ್ತಲೆ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ಇಡೀ ಚಿತ್ರ ಬಿಳಿಚಿಕೊಂಡು ಬಂದರೆ ಫ್ಲ್ಯಾಶ್ ಬೆಳಕು ಒಳಗೆ ಸೋರುತ್ತಿದೆ ಎಂದರ್ಥ. ಗ್ಲಾಸು ಒಂದು ಕಡೆ ಎದ್ದಿರಬಹುದು, ಅಥವಾ ಕಪ್ಪು ಬಳೆ ಸರಿ ಇಲ್ಲದ ಗ್ಲಾಸು.

ಅಂಗಡಿಗೆ ಕೊಡುವವರಿಗೆ

ಹಳೆಯ ಫೋನಿನ ಕಾಲದಲ್ಲಿ ನಾನು ಮೊದಲು ಹೋದ ಅಂಗಡಿಯವರು ಫೋನು ಬಿಚ್ಚದೆಯೇ "ಇಡೀ ಕ್ಯಾಮೆರಾ ಸೆಟ್ ಬದಲಾಯಿಸಬೇಕು, 4,500" ಎಂದಿದ್ದರು. ಮೂರರಲ್ಲಿ ಕೆಟ್ಟದ್ದು ಒಂದೇ ಎಂದು ಹೇಳಲು ನನಗೆ ಆಗ ತಿಳಿದಿರಲಿಲ್ಲ. ಎರಡನೆಯ ಅಂಗಡಿಯವರು ಅದೊಂದನ್ನೇ ಬದಲಾಯಿಸಿದರು. ಹಾಗಾಗಿ ಮೇಲೆ ಹೇಳಿದ ಮೂರು ಫೋಟೋ ತೆಗೆದುಕೊಂಡೇ ಹೋಗಿ. "ಫೋಕಸ್ ಸರಿ ಇದೆ, ಗ್ಲಾಸ್ ಮಾತ್ರ ಹಾಕಿ" ಎಂದು ತೋರಿಸಿ ಮಾತಾಡಿ. ಕೆಲಸ ಕಣ್ಣೆದುರೇ ಮಾಡಿಸಿ, ಇಪ್ಪತ್ತು ಮಿನಿಟಿನ ಕೆಲಸ. ಗ್ಲಾಸ್ ಹಾಕುವ ಮುಂಚೆ ಬರಿ ಲೆನ್ಸಿನಲ್ಲಿ ಒಂದು ಫೋಟೋ ತೆಗೆದು ತೋರಿಸಲು ಕೇಳಿ. ಒಳ್ಳೆಯ ಕೆಲಸಗಾರರು ಬೇಸರ ಮಾಡಿಕೊಳ್ಳುವುದಿಲ್ಲ. ಬಿಲ್ ತೆಗೆದುಕೊಳ್ಳಿ.

ಫೋನು ಬಿಟ್ಟು ಬರಬೇಕಾದರೆ ಸ್ಕ್ರೀನ್ ಲಾಕ್ ನಂಬರ್ ಕೊಡಬೇಡಿ, ಹೆಣ್ಣುಮಕ್ಕಳಂತೂ ಬೇಡವೇ ಬೇಡ. ಸ್ಯಾಮ್‌ಸಂಗ್ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಗೂಗಲ್ ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಎಂದಿದೆ. ಅದನ್ನು ಹಾಕಿ ಕೊಟ್ಟರೆ ಅವರು ಕ್ಯಾಮೆರಾ ಪರೀಕ್ಷೆ ಮಾಡಬಹುದು, ನಿಮ್ಮ ಫೋಟೋ, ಮೆಸೇಜು ಕಾಣುವುದಿಲ್ಲ. ಸಿಮ್ ತೆಗೆದಿಟ್ಟುಕೊಳ್ಳಿ. ದುಡ್ಡು ತೆಗೆದುಕೊಂಡು ಕೆಲಸ ಕೆಡಿಸಿ ಕೈ ಎತ್ತಿದರೆ 1915ಕ್ಕೆ ಫೋನ್ ಮಾಡಿ, ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ.

ರಿಪೇರಿ ಆಗುವವರೆಗೆ ಏನು ಮಾಡುವುದು?

ನನಗೆ ಗ್ಲಾಸ್ ಸಿಗಲು ಎರಡು ದಿನ ಆಯಿತು, ಆರ್ಡರ್ ನಿಲ್ಲುವುದಿಲ್ಲವಲ್ಲ. ಮುಖ್ಯ ಕ್ಯಾಮೆರಾ ಮುಟ್ಟದೆ 0.5ಎಕ್ಸ್‌ನ ಅಗಲದ ಕ್ಯಾಮೆರಾದಲ್ಲಿ ತೆಗೆದೆ. ಅದರಲ್ಲಿ ಅಂಚಿನ ವಸ್ತು ಸೊಟ್ಟಗೆ ಹಿಗ್ಗಿ ಕಾಣುತ್ತದೆ, ಹಾಗಾಗಿ ಬ್ಲೌಸನ್ನು ಸರಿಯಾಗಿ ನಡುವೆ ಇಟ್ಟು, ಆಮೇಲೆ ಸುತ್ತ ಕತ್ತರಿಸಿದೆ. ಬೆಳಕು ಕಡಿಮೆಯಾದರೆ ಅದು ಬೇಗ ಮಂಕಾಗುತ್ತದೆ. ಬೆಳಗ್ಗೆ ಹತ್ತರೊಳಗೆ ಜಗಲಿಯ ನೆರಳಲ್ಲಿ ತೆಗೆದರೆ ಜರಿ ಚೆನ್ನಾಗಿ ಬಂತು. 2ಎಕ್ಸ್ ಒತ್ತಿದರೆ ಪಾರಾಗಬಹುದು ಅಂದುಕೊಳ್ಳಬೇಡಿ, ನನ್ನಂಥ ಫೋನುಗಳಲ್ಲಿ ಅದು ಒಡೆದ ಮುಖ್ಯ ಕ್ಯಾಮೆರಾದ್ದೇ ಹಿಗ್ಗಿಸಿದ ಚಿತ್ರ.

ಆಮೇಲಿನ ಜೋಪಾನ

ಗ್ಲಾಸ್ ಬದಲಾಯಿಸಿದ ಫೋನನ್ನು ನೀರಿಗೆ ಇಳಿಸಬೇಡಿ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು, ಆದರೆ ಅದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮಾತ್ರ. ಮನೆಯಲ್ಲಿ ಅಂಟಿಸಿದ ಗ್ಲಾಸಿಗೆ ಆ ಭರವಸೆ ಇಲ್ಲ. ಮಳೆ ಬಂದ ಬೆಳಗ್ಗೆ ಗ್ಲಾಸಿನ ಒಳಗೆ ಮಂಜು ಕಂಡರೆ ಅಂಟು ಎಲ್ಲೋ ಬಿಟ್ಟಿದೆ.

ಲೆನ್ಸ್ ಪ್ರೊಟೆಕ್ಟರ್ ಹಾಕಬೇಕಾ ಎಂದು ಕೇಳುತ್ತಾರೆ. ನಾನು ಹಾಕುವುದಿಲ್ಲ. ಅಗ್ಗದ ಪ್ರೊಟೆಕ್ಟರ್ ಹಾಕಿದರೆ ದೀಪದ ಬೆಳಕು ಎರಡು ಗ್ಲಾಸುಗಳ ನಡುವೆ ಪುಟಿದು ಫೋಟೋದಲ್ಲಿ ಭೂತದಂಥ ಮಚ್ಚೆ ಬರುತ್ತದೆ, ನಡುವೆ ಧೂಳೂ ಸೇರುತ್ತದೆ. ಅದರ ಬದಲು ಕ್ಯಾಮೆರಾಗಿಂತ ಎತ್ತರದ ಅಂಚಿರುವ ಪೌಚ್ ತನ್ನಿ. ಮೇಜಿನ ಮೇಲೆ ಇಟ್ಟಾಗ ಗ್ಲಾಸು ಮೇಜಿಗೆ ತಾಗಬಾರದು, ಒಂದು ಹಾಳೆ ಕೆಳಗೆ ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಬೈಕಿನ ಹ್ಯಾಂಡಲಿಗೆ ಫೋನ್ ಸಿಕ್ಕಿಸುವವರಿಗೂ ಒಂದು ಮಾತು. ದೊಡ್ಡ ಬೈಕುಗಳ ಇಂಜಿನ್ ಅದುರುವಿಕೆಯಿಂದ ಕ್ಯಾಮೆರಾದ ಕೈನಡುಕ ತಡೆಯುವ ಭಾಗ ಕೆಡಬಹುದು ಎಂದು ಆ್ಯಪಲ್ ಕಂಪನಿ 2021ರಲ್ಲೇ ಎಚ್ಚರಿಸಿತ್ತು. ನನ್ನ ತಮ್ಮನಿಗೆ ಹೇಳಿ ಆ ಸ್ಟ್ಯಾಂಡ್ ತೆಗೆಸಿದೆ.

ಹಬ್ಬಕ್ಕೆ ಆರು ದಿನ ಇರುವಾಗ ಹೊಸ ಗ್ಲಾಸಿನಲ್ಲಿ ಮೊದಲು ತೆಗೆದದ್ದು ಗುಳೇದಗುಡ್ಡ ಖಣದ ಒಂದು ಬ್ಲೌಸು, ತೋಳಿಗೆ ನವಿಲು. ಗಿರಾಕಿ ಹಿಗ್ಗಿಸಿ ನೋಡಿ, ನವಿಲಿನ ಕಣ್ಣಿಗೆ ಹಾಕಿದ ಮಣಿ ಕಪ್ಪೋ ಕಡುನೀಲಿಯೋ ಎಂದು ಕೇಳಿದರು. ಕಡುನೀಲಿ. ಮಿಕ್ಕ ಗ್ಲಾಸುಗಳು ಈಗ ಮಣಿ ಡಬ್ಬಿಯ ಒಂದು ಖಾನೆಯಲ್ಲಿವೆ, ಮುಚ್ಚಳದ ಮೇಲೆ ಫೋನಿನ ಮಾಡೆಲ್ ನಂಬರ್ ಬರೆದಿಟ್ಟಿದ್ದೇನೆ. ಫೋನು ಈಗ ಮೆಷಿನ್ನಿನ ಹಲಗೆ ಮೇಲೆ ಇರುವುದಿಲ್ಲ, ನಾನೇ ಹೊಲಿದು ಗೋಡೆಗೆ ತೂಗುಹಾಕಿದ ಒಂದು ಚೀಲದಲ್ಲಿ ಇರುತ್ತದೆ.